ಕನಿಕರದ ಕುರುಡು: ‘ಪೋವ್ರ್ ಫೋವೆತ್’ ಚಿತ್ರದ ಓದು

ಹಳ್ಳಿಯ ಮಗುವಿನ ಚಿತ್ರ ಎದುರಾದೊಡನೆ ‘ಮುಗ್ಧತೆ’ ಎಂದು ಉಸುರಿ ವಿರಮಿಸುವುದು ಕಲಾವಿಮರ್ಶೆಯ ಹಳೆಯ ಚಾಳಿ. ಫ್ರೆಂಚ್ ಕಲಾವಿದ ಜೂಲ್ ಬಾಸ್ತಿಯೆನ್-ಲೆಪಾಜ್ (1848–1884) 1881ರಲ್ಲಿ ರಚಿಸಿದ, ಈಗ ಗ್ಲಾಸ್ಗೋದ ಕೆಲ್ವಿನ್‌ಗ್ರೋವ್ ಸಂಗ್ರಹಾಲಯದಲ್ಲಿರುವ ‘ಪೋವ್ರ್ ಫೋವೆತ್’ ಈ ಚಾಳಿಗೆ ಸುಲಭವಾಗಿ ಬಲಿಯಾಗುವ ಕೃತಿ. ಶೀರ್ಷಿಕೆಯ ಅರ್ಥ ‘ಬಡಪಾಯಿ ಉಲಿಯಕ್ಕಿ’.

ಒರಟು ಬಟ್ಟೆಯನ್ನು ಕೊಪ್ಪೆಯಂತೆ ತಲೆಯಿಂದ ಹೊದ್ದ ಪುಟ್ಟ ಹುಡುಗಿ, ಪಕ್ಕದಲ್ಲಿ ಎಲೆಯಿಲ್ಲದ ಸಪೂರ ಮರ, ಬಳಿಯಲ್ಲಿ ಮುಳ್ಳುಗಿಡ, ದೂರದಲ್ಲಿ ಮೇಯುವ ಹಸು. ಕನಿಕರದ ಓದು ಆಕೆಯ ಕಣ್ಣುಗಳಲ್ಲೇ ನಿಂತುಬಿಡುತ್ತದೆ. ಹಸುವನ್ನು ಹಿನ್ನೆಲೆಯ ಅಲಂಕಾರವೆಂದು ಕೈಬಿಡುತ್ತದೆ. ಆದರೆ ಚಿತ್ರದ ಕೀಲಿಕೈ ಇರುವುದೇ ಅಲ್ಲಿ. ಹಸುವನ್ನು ಮರೆಮಾಡಿದರೆ ಅವಳು ದಿಕ್ಕಿಲ್ಲದ ಮಗು; ಹಸುವಿದ್ದರೆ ದುಡಿಯುತ್ತಿರುವ ಮಗು. ಉಲಿಯಕ್ಕಿ ಚಳಿಗೆ ಹಾರಿಹೋಗಬಲ್ಲದು, ದನ ಕಾಯುವವಳು ಹೋಗಲಾರಳು. ಶೀರ್ಷಿಕೆಯ ರೂಪಕವನ್ನು ಚಿತ್ರವೇ ಅಲ್ಲಗಳೆಯುತ್ತದೆ.

ಇದನ್ನು ಕರುಣರಸವೆಂದು ಸಮರ್ಥಿಸುವವರು ಭರತನ ರಸಸೂತ್ರವನ್ನು ಮರೆತಿರುತ್ತಾರೆ. ವಿಭಾವಾನುಭಾವಗಳನ್ನು ಪರಿಶೀಲಿಸದೆ ರಸದ ಹೆಸರು ಹೇಳುವುದು ಸಹೃದಯತೆಯಲ್ಲ, ಸೋಮಾರಿತನ. ಇಲ್ಲಿ ವಿಭಾವವೆಂದರೆ ಚಳಿ, ಬಯಲು ಮತ್ತು ಕೆಲಸ.

ಕಲೆಗೇಕೆ ಇತಿಹಾಸದ ಗೊಡವೆ ಎಂಬ ಆಕ್ಷೇಪವೂ ನಿಲ್ಲದು. ಮ್ಯೂಸ್ ಪ್ರಾಂತದ ದಾಂವಿಲ್ಯೆ ಈ ಕಲಾವಿದನ ಹುಟ್ಟೂರು. ಆ ಪರಿಸರದ ರೈತಜೀವನವೇ ಅವನ ಮುಖ್ಯ ವಸ್ತು. ಚಿತ್ರ ರಚಿತವಾದ ಮರುವರ್ಷ, 1882ರ ಮಾರ್ಚ್ 28ರ ಕಾನೂನು, ಫ್ರಾನ್ಸಿನಲ್ಲಿ 6ರಿಂದ 13 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಕಡ್ಡಾಯಗೊಳಿಸಿತು. ಕೃಷಿಕೆಲಸದಲ್ಲಿ ತೊಡಗಿದ ಮಕ್ಕಳ ಹಾಜರಾತಿಗೆ ವಿನಾಯಿತಿ ನೀಡುವ ಅವಕಾಶವೂ ಅದರಲ್ಲೇ ಇತ್ತು. ಹೊಲದ ದುಡಿಮೆಯೊಡನೆ ಶಾಸನವೇ ರಾಜಿ ಮಾಡಿಕೊಳ್ಳಬೇಕಾಗಿದ್ದ ಕಾಲದಲ್ಲಿ ಆ ದುಡಿಮೆಯನ್ನು ಕಾಣದ ಓದು ಹೇಗೆ ಸಮಗ್ರವಾದೀತು?

ಬುಗರೋ 1889ರಲ್ಲಿ ಚಿತ್ರಿಸಿದ ದನಗಾಹಿ ಹುಡುಗಿ ಬರಿಗಾಲಿನವಳೇ. ಆದರೂ ಆ ನುಣುಪು ಮೈಯ ಮೇಲೆ ದುಡಿಮೆಯ ಗುರುತು ಕಾಣದು. ಇಬ್ಬರನ್ನೂ ‘ಮುಗ್ಧೆ’ಯರೆಂದು ಒಂದೇ ಸಾಲಿನಲ್ಲಿ ನಿಲ್ಲಿಸುವ ವಿಮರ್ಶೆ, ಕಂಡವನ ಕೃತಿಗೂ ಕಲ್ಪಿಸಿದವನ ಕೃತಿಗೂ ಇರುವ ಅಂತರವನ್ನೇ ಅಳಿಸಿಹಾಕುತ್ತದೆ.

‘ಬಡಪಾಯಿ’ ಎಂದು ಕರೆದ ಹೊಣೆ ಕಲಾವಿದನದೇ, ನಿಜ. ಆದರೆ ಅವನ ಕುಂಚ ಅವನ ಮಾತಿಗಿಂತ ಪ್ರಾಮಾಣಿಕ. ವಿಮರ್ಶೆ ನಂಬಬೇಕಾದದ್ದು ಕುಂಚವನ್ನು. ಕನಿಕರ ನೋಡುಗನನ್ನು ಒಳ್ಳೆಯವನೆನಿಸಿ ಕಳಿಸಿಕೊಡುತ್ತದೆ. ಹುಡುಗಿ ಮಾತ್ರ ಚಳಿಯಲ್ಲಿ ಹಸು ಕಾಯುತ್ತಲೇ ಇರುತ್ತಾಳೆ.