ದಾಸರ ಸೀಮೆಯಲ್ಲಿ ಜೇನಿಗೆಲ್ಲಿ ಜಾಗ?

ಮಕ್ಕಳ ಪಾಠದಲ್ಲಿ ಜೇನುಹುಳಕ್ಕೆ ಸಿಕ್ಕಿರುವುದು ಒಂದೇ ಪಾತ್ರ, ದುಡಿಮೆಯ ಮಹತ್ವ ಸಾರುವುದು. ರಾಯಚೂರು ಜಿಲ್ಲೆಯ ರೈತನಿಗೆ ಆ ಪಾಠ ಬೇಕಿಲ್ಲ. ಮಾನ್ವಿ ಸೀಮೆಯ ಬಾಗಲವಾಡದ ಸುತ್ತಲಿನ ಎರೆ ಹೊಲಗಳಲ್ಲಿ ಉರಿಬಿಸಿಲಿಗೆ ಬೆನ್ನು ಕೊಟ್ಟು ಹತ್ತಿ ಬಿಡಿಸುವ ಹೆಂಗಸರಿಗೆ ದುಡಿಮೆಯ ಉಪದೇಶ ಮಾಡಲು ಯಾರಿಗೂ ಮುಖವಿರದು. ಜೇನಿನಿಂದ ಕಲಿಯಬೇಕಾದದ್ದು ಬೇರೆ ಇದೆ. ಎಷ್ಟು ತೆಗೆದುಕೊಳ್ಳಬೇಕು, ತೆಗೆದುಕೊಂಡ ಜಾಗವನ್ನು ಹೇಗೆ ಬಿಟ್ಟು ಬರಬೇಕು ಎಂಬುದು.

ಈ ಸೀಮೆ ಅದನ್ನು ಒಮ್ಮೆ ಕಲಿತಿತ್ತು. ಮಾನ್ವಿ ತಾಲ್ಲೂಕಿನ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿ ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರು, ಮೂವರೂ 18ನೇ ಶತಮಾನದಲ್ಲಿ ಇಲ್ಲಿ ಓಡಾಡಿದವರು. ಹರಿದಾಸರು ತಮ್ಮ ಭಿಕ್ಷೆಯನ್ನು ಕರೆದದ್ದು ಮಧುಕರ ವೃತ್ತಿ, ಅಂದರೆ ಜೇನಿನ ವೃತ್ತಿ ಎಂದು. ಒಂದೇ ಮನೆಯ ಮುಂದೆ ನಿಂತು ಜೋಳಿಗೆ ತುಂಬಿಸಿಕೊಳ್ಳುವಂತಿಲ್ಲ. ಹತ್ತು ಮನೆ ತಿರುಗಿ ಒಂದೊಂದು ಹಿಡಿ ಪಡೆಯಬೇಕು, ಕೊಟ್ಟ ಮನೆಗೆ ಭಾರವಾಗಬಾರದು.

ತೊಗರಿ ಹೊಲದಲ್ಲಿ ನಿಂತರೆ ಇದರ ಅರ್ಥ ಕಣ್ಣಿಗೇ ಕಾಣುತ್ತದೆ. ತೊಗರಿ ಹೂವಿನ ಕೆಳಗಿನ ಎರಡು ಎಸಳು ಸೇರಿ ದೋಣಿಯಂತೆ ಮುಚ್ಚಿಕೊಂಡಿರುತ್ತವೆ, ಪರಾಗ ಅದರೊಳಗೆ ಅಡಗಿರುತ್ತದೆ. ಹೆಜ್ಜೇನು ಬಂದು ಕೂತ ಭಾರಕ್ಕೆ ದೋಣಿ ಬಗ್ಗುತ್ತದೆ, ಕೇಸರಗಳು ಹೊರಗೆ ಬಂದು ಹುಳದ ಹೊಟ್ಟೆಗೆ ಹಳದಿ ಹುಡಿ ಮೆತ್ತುತ್ತವೆ. ಹುಳ ತಳದ ಸಿಹಿ ಹೀರಿ ಎದ್ದರೆ ಹೂವಿಗೆ ಗಾಯವಿಲ್ಲ. ಮುಂದಿನ ಗಿಡಕ್ಕೆ ಹೋದಾಗ ಹೊಟ್ಟೆಯ ಹುಡಿ ಅಲ್ಲಿ ಉದುರುತ್ತದೆ. ಒಂದು ಸುತ್ತಿನಲ್ಲಿ ಅದು ಹೆಚ್ಚಾಗಿ ಒಂದೇ ಜಾತಿಯ ಹೂವನ್ನು ಹುಡುಕಿಕೊಂಡು ಹೋಗುವುದರಿಂದ ತೊಗರಿಯ ಪರಾಗ ತೊಗರಿಗೇ ಸೇರುತ್ತದೆ. ಹೀರೆ, ಕುಂಬಳ, ಕಲ್ಲಂಗಡಿಯಲ್ಲಂತೂ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಹುಳ ಬಾರದಿದ್ದರೆ ಕಾಯಿ ಕಚ್ಚುವುದಿಲ್ಲ. ಒಂದು ಕೆಲಸಗಾರ ಜೇನು ಇಡೀ ಆಯುಷ್ಯದಲ್ಲಿ ಕೂಡಿಸುವ ತುಪ್ಪ ಚಮಚೆಯ 12ರಲ್ಲಿ ಒಂದು ಪಾಲು. ಹೊಲಕ್ಕೆ ಅದು ಬಿಟ್ಟು ಹೋಗುವ ಲಾಭ ಅದಕ್ಕಿಂತ ಎಷ್ಟೋ ದೊಡ್ಡದು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಭಾಗದ ಹೊಲಗಳ ಬಣ್ಣ ಬದಲಾಯಿತು, ಭತ್ತ ಬಂತು. ನೀರು ಬಂದದ್ದು ಒಳ್ಳೆಯದೇ, ಅದನ್ನು ಬೇಡವೆನ್ನುವವರಾರು? ಆದರೆ ಭತ್ತದ ಹೂವಿನಲ್ಲಿ ಮಕರಂದವಿಲ್ಲ. ಕಣ್ಣು ಹಾಯುವಷ್ಟೂ ಹಸಿರಿರುವ ಗದ್ದೆ ಜೇನಿನ ಪಾಲಿಗೆ ಬಟಾಬಯಲು. ಹೂ ಬಿಡುವ ಹತ್ತಿಯಲ್ಲಿ ಇನ್ನೊಂದು ಕಂಟಕ. ಗಿಡ ಹೂವಿನಲ್ಲಿರುವಾಗಲೇ, ಅದೂ ಹುಳಗಳು ತುಂಬಿರುವ ಬೆಳಗಿನ ಹೊತ್ತಿನಲ್ಲೇ ‘ಎಣ್ಣಿ’ (ಕೀಟನಾಶಕ) ಹೊಡೆಯುವುದು ರೂಢಿಯಾಗಿಬಿಟ್ಟಿದೆ. ರಸ ಹೀರುವ ಕೀಟಗಳಿಗೆಂದು ಬಳಸುವ ಇಮಿಡಾಕ್ಲೋಪ್ರಿಡ್ ಅನ್ನು ಐರೋಪ್ಯ ಒಕ್ಕೂಟ 2018ರಲ್ಲಿ ಬಯಲು ಹೊಲಗಳಿಂದ ಹೊರಗಿಟ್ಟಿತು, ಜೇನಿನ ಕಾರಣಕ್ಕೆ. ಇಲ್ಲಿ ಅದು ಅಂಗಡಿಯಲ್ಲಿ ಸಲೀಸಾಗಿ ಸಿಗುವ ಡಬ್ಬಿ.

ಜೇನಿನಿಂದ ಕಲಿಯಬೇಕಾದ ಇನ್ನೊಂದು, ಅದರ ಊರ ಸಭೆ. 1949ರಲ್ಲಿ, ಯುದ್ಧದಲ್ಲಿ ಹಾಳಾದ ಮ್ಯೂನಿಕ್ ನಗರದಲ್ಲಿ ಮಾರ್ಟಿನ್ ಲಿಂಡೌವರ್ ಎಂಬ ಯುವ ವಿಜ್ಞಾನಿ, ಗೂಡು ಬಿಟ್ಟು ಬಂದು ಗೊಂಚಲಾಗಿ ನೇತುಬಿದ್ದ ಜೇನಿನ ಮೇಲೆ ಕೆಲವು ಹುಳಗಳು ಕುಣಿಯುವುದನ್ನು ಕಂಡ. ಹೂವಿನಿಂದ ಬಂದ ಹುಳದ ಮೈಮೇಲೆ ಪರಾಗವಿರಬೇಕು. ಇವುಗಳ ಮೈಗೆ ಹತ್ತಿದ್ದು ಮಸಿ, ಇಟ್ಟಿಗೆ ಪುಡಿ. ಚಿಮಣಿ, ಮುರುಕು ಗೋಡೆಗಳ ಸಂದು ಹೊಕ್ಕು ಹೊಸ ಮನೆ ನೋಡಿ ಬಂದಿದ್ದವು! ಕುಣಿತದ ಭಾಷೆಯನ್ನು ಬಿಡಿಸಿದ ಅವನ ಗುರು ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು. ಮುಂದೆ ಅಮೆರಿಕದ ಥಾಮಸ್ ಸೀಲಿ ಈ ಮನೆ ಹುಡುಕಾಟವನ್ನು ದಶಕಗಳ ಕಾಲ ಬೆನ್ನುಹತ್ತಿದರು. ಮೊದಲಿಗೆ ಪ್ರತಿ ಹುಳವೂ ತಾನು ಕಂಡ ಜಾಗದ ಪರ ಕುಣಿಯುತ್ತದೆ. ಉಳಿದವು ಅದರ ಮಾತು ನಂಬಿ ಸುಮ್ಮನಿರುವುದಿಲ್ಲ, ಹೋಗಿ ಆ ಜಾಗವನ್ನು ತಾವೇ ನೋಡಿ ಬರುತ್ತವೆ. ತನ್ನ ಜಾಗದ ಪರವಾದ ಕುಣಿತವನ್ನು ಪ್ರತಿ ಹುಳವೂ ಬರುಬರುತ್ತಾ ಕಡಿಮೆ ಮಾಡುತ್ತದೆ, ಹಟ ಹಿಡಿದು ಕೂರುವುದಿಲ್ಲ. ರಾಣಿಗೆ ಇಲ್ಲಿ ಮಾತೇ ಇಲ್ಲ.

ನಮ್ಮ ಊರುಗಳಿಗೂ 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮಸಭೆಯನ್ನು ಕಡ್ಡಾಯ ಮಾಡಿದೆ. ಕೆರೆ ಹೂಳು, ಕುಡಿಯುವ ನೀರು, ಫಲಾನುಭವಿಗಳ ಪಟ್ಟಿ ಎಲ್ಲವೂ ಅಲ್ಲಿ ಚರ್ಚೆಯಾಗಬೇಕು. ಆದರೆ ಎಷ್ಟೋ ಊರುಗಳಲ್ಲಿ ಸಭೆ ನಡೆಯುವುದು ನಡಾವಳಿ ಪುಸ್ತಕದಲ್ಲಿ ಮಾತ್ರ. ಸಹಿಗಾಗಿ ಪುಸ್ತಕವೇ ಮನೆಮನೆಗೆ ಬರುತ್ತದೆ. ಹೋಗಿ ನೋಡಿ ಬಂದು ಮಾತಾಡುವ ಜೇನಿನ ಪದ್ಧತಿಯ ಅರ್ಧದಷ್ಟು ಅಲ್ಲಿದ್ದರೂ ಅರ್ಧ ಜಗಳ ಕಡಿಮೆಯಾದೀತು.

ಜೇನಿನ ಮನೆಯಲ್ಲಿ ವಯಸ್ಸಿನ ಲೆಕ್ಕವೂ ಉಲ್ಟಾ. ಎಳೆ ಹುಳಗಳು ಒಳಗಿದ್ದು ಗೂಡು ಗುಡಿಸುತ್ತವೆ, ಮರಿಗಳಿಗೆ ಉಣಿಸುತ್ತವೆ. ಹೊರಗೆ ಹೋಗಿ ಹಕ್ಕಿಗೋ ಜೇಡಕ್ಕೋ ತುತ್ತಾಗುವ ಅಪಾಯದ ಕೆಲಸ, ಸುಮಾರು ಮೂರು ವಾರ ತುಂಬಿದ ಹಿರಿಯ ಹುಳಗಳದ್ದು. ಬೇಸಿಗೆ ಬಂತೆಂದರೆ ರಾಯಚೂರಿನ ಹಳ್ಳಿಗಳಲ್ಲಿ ಹರೆಯದವರೆಲ್ಲ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗಿ, ಮನೆಯಲ್ಲಿ ಮುದುಕರು, ಮಕ್ಕಳಷ್ಟೇ ಉಳಿಯುತ್ತಾರೆ. ಹಾಗೆಂದು ಮುದುಕರನ್ನು ದುಡಿಯಲು ಕಳಿಸಬೇಕೆಂದಲ್ಲ. ಬರಗಾಲದಲ್ಲಿ ಗಂಡು ಹುಳಗಳನ್ನು ಗೂಡಿನಿಂದ ದಬ್ಬಿ ಸಾಯಿಸುವ ಜೇನಿನಿಂದ ಎಲ್ಲವನ್ನೂ ಕಲಿಯುವುದೂ ಬೇಡ. ಬೆಳೆಯುವವರನ್ನು ಕಾಪಾಡಿಕೊಳ್ಳುವ ಕೆಲಸಕ್ಕೆ ಊರಿನೊಳಗೇ ಜಾಗವಿರಬೇಕು ಎಂಬಷ್ಟು ಸಾಕು.

ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ಜೇನಿನ ಉಳಿವಿಗೆ ಇವರು ಮಾಡಬಹುದಾದ, ಒಂದು ರೂಪಾಯಿ ಖರ್ಚಿಲ್ಲದ ಕೆಲಸವೊಂದಿದೆ. ಔಷಧದ ಪ್ರಮಾಣ ಹೇಳುವಾಗ ಹೊಡೆಯುವ ಹೊತ್ತನ್ನೂ ಹೇಳಲಿ. ಸಂಜೆ, ಹುಳಗಳು ಗೂಡು ಸೇರಿದ ಮೇಲೆ. ಹೂವು ತುಂಬಿದ್ದರೆ, ತಡೆಯಬಹುದಾದಷ್ಟು ದಿನ ತಡೆದು. ಔಷಧ ಅಂಗಡಿಯವರೂ ಚೀಟಿಯ ಮೇಲೆ ಈ ಒಂದು ಸಾಲು ಬರೆದುಕೊಡಲಿ. ಬದುವಿನ ಬೇವು, ಹೊಂಗೆ, ಜಾಲಿಯನ್ನು ರೈತರು ಈ ವರ್ಷ ಕಡಿಯದೆ ಬಿಡಲಿ.