ಸುದ್ದಿಗೆ ಪ್ರಮಾಣವೇನು?

ತತ್ತ್ವಶಾಸ್ತ್ರ ಓದಿದವರು ಪತ್ರಿಕಾಲಯದಲ್ಲಿ ಮಾಡುವುದೇನು ಎಂಬ ಪ್ರಶ್ನೆ ಹಳೆಯದು. ಪತ್ರಿಕೆಗೆ ವೇಗ ಬೇಕು, ದರ್ಶನಕ್ಕೆ ನಿಧಾನ ಬೇಕು. ಆದ್ದರಿಂದ ಎರಡಕ್ಕೂ ನಂಟಿಲ್ಲವೆಂಬ ಭಾವನೆ ಬಲವಾಗಿದೆ. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ ಅವರ ಕೆಲಸ ಈ ಭಾವನೆಯನ್ನು ಅಲ್ಲಗಳೆಯುತ್ತದೆ.

ಲಿಪ್‌ಮನ್ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿ, ದಾರ್ಶನಿಕ ಜಾರ್ಜ್ ಸಂತಾಯನ ಅವರಿಗೆ ಸಹಾಯಕರಾಗಿದ್ದವರು. 1920ರಲ್ಲಿ ಅವರು ಚಾರ್ಲ್ಸ್ ಮರ್ಜ್ ಅವರೊಡನೆ, ರಷ್ಯಾದ ಕ್ರಾಂತಿಯ ಬಗ್ಗೆ ‘ನ್ಯೂಯಾರ್ಕ್ ಟೈಮ್ಸ್’ ಮೂರು ವರ್ಷಗಳಲ್ಲಿ ಪ್ರಕಟಿಸಿದ್ದ ಸುದ್ದಿಗಳನ್ನು ಪರೀಕ್ಷೆಗೆ ಒಡ್ಡಿದರು. ಬೋಲ್ಷೆವಿಕ್ ಆಡಳಿತ ಕುಸಿಯಲಿದೆ ಅಥವಾ ಕುಸಿದೇಬಿಟ್ಟಿದೆ ಎಂದು ಎರಡು ವರ್ಷಗಳಲ್ಲಿ 91 ಬಾರಿ ವರದಿಯಾಗಿತ್ತು. ಆಡಳಿತ ಮಾತ್ರ ಉಳಿದಿತ್ತು. ಇದಕ್ಕೆ ಮುಖ್ಯ ಕಾರಣ ವರದಿಗಾರರ, ಸಂಪಾದಕರ ಮನದೊಳಗಿನ ಆಸೆ ಮತ್ತು ಭೀತಿ ಎಂದು ಅವರು ನಿರ್ಣಯಿಸಿದರು. ಸುದ್ದಿಯ ದೋಷದ ಬೇರು ಅರಿಯುವವನ ಮನಸ್ಸಿನಲ್ಲಿದೆ ಎಂಬ ಈ ವಿಚಾರ ತತ್ತ್ವಶಾಸ್ತ್ರದ್ದೇ.

ಭಾರತೀಯ ದರ್ಶನಗಳ ಪ್ರಮಾಣವಿಚಾರವೂ ಇದೇ ನೆಲೆಯದು. ತಿಳಿದದ್ದು ಪ್ರತ್ಯಕ್ಷವೋ, ಅನುಮಾನವೋ, ಆಪ್ತವಾಕ್ಯವೋ ಎಂಬ ವಿಂಗಡಣೆ ವರದಿಗಾರನ ನಿತ್ಯದ ಕರ್ತವ್ಯ. ಆಪ್ತನೆಂದರೆ ಯಾರು? ಸಮಂತಭದ್ರರ ‘ಆಪ್ತಮೀಮಾಂಸೆ’ ತೊಡಗುವುದೇ ಈ ಪರೀಕ್ಷೆಯಿಂದ. ದೇವತೆಗಳ ಆಗಮನ, ಚಾಮರಗಳ ವೈಭವ ಮಾಯಾವಿಗಳಲ್ಲೂ ಕಾಣುವುದರಿಂದ ಅವು ಹಿರಿಮೆಗೆ ಪ್ರಮಾಣವಲ್ಲ ಎಂಬುದು ಅಲ್ಲಿನ ವಾದ. ಅಧಿಕಾರ, ಕೀರ್ತಿಗಳನ್ನೇ ಆಧಾರವೆಂದು ಬಗೆಯುವ ಸುದ್ದಿಮನೆಗೆ ಇದಕ್ಕಿಂತ ನೇರವಾದ ಪಾಠವಿಲ್ಲ.

ಅನೇಕಾಂತವನ್ನು ಮಾತ್ರ ಇಲ್ಲಿ ತಪ್ಪಾಗಿ ಬಳಸುವ ಅಪಾಯವಿದೆ. ಎರಡೂ ಕಡೆಯ ಹೇಳಿಕೆಗಳನ್ನು ಜೊತೆಗಿಟ್ಟು ಕೈತೊಳೆದುಕೊಳ್ಳುವುದು ಅನೇಕಾಂತವಲ್ಲ. ಸ್ಯಾದ್ವಾದವು ಸಂಶಯವಾದವೂ ಅಲ್ಲ. ಒಂದು ಮಾತು ಯಾವ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ಅಪೇಕ್ಷೆಯಿಂದ ನಿಜವೆಂದು ಖಚಿತಪಡಿಸುವ ಹೊಣೆಗಾರಿಕೆ ಅದು. ಊರಿಗೆ ನೀರು ಬರುತ್ತಿದೆ ಎಂದು ಅಧಿಕಾರಿಯೂ, ಬರುತ್ತಿಲ್ಲ ಎಂದು ನಿವಾಸಿಯೂ ಹೇಳಿದಾಗ ಎರಡನ್ನೂ ಅಚ್ಚುಹಾಕಿದರೆ ಸಾಲದು. ಯಾವ ಬೀದಿಗೆ, ಯಾವ ಹೊತ್ತಿನಲ್ಲಿ ಎಂದು ಕೇಳಿ, ನಲ್ಲಿ ತಿರುಗಿಸಿ ನೋಡಬೇಕು. ಆಗ ಇಬ್ಬರ ಮಾತಿನಲ್ಲಿಯೂ ನಿಜಾಂಶವಿರುವುದು ತಿಳಿದೀತು. ಒಬ್ಬರದು ಶುದ್ಧ ಸುಳ್ಳೆಂದೂ ತಿಳಿದೀತು.

ಬರೆಯುವ ಕೌಶಲವನ್ನು ಪತ್ರಿಕಾಲಯ ಕೆಲವೇ ತಿಂಗಳಲ್ಲಿ ಕಲಿಸಬಲ್ಲದು. ತನ್ನ ನಂಬಿಕೆಯನ್ನೇ ಪರೀಕ್ಷಿಸುವ ಅಭ್ಯಾಸಕ್ಕೆ ದೀರ್ಘಕಾಲ ಬೇಕು. ಪತ್ರಿಕೋದ್ಯಮದ ಪಠ್ಯದಲ್ಲಿ ಪ್ರಮಾಣಶಾಸ್ತ್ರಕ್ಕೆ ಸ್ಥಾನ ದೊರೆಯಬೇಕಾದುದು ಅಲಂಕಾರಕ್ಕಾಗಿ ಅಲ್ಲ, ಓದುಗನಿಗೆ ಸತ್ಯವನ್ನು ತಲಪಿಸಬೇಕಾದ ಋಣಕ್ಕಾಗಿ.