ಸೈನಿಕರ ಮನೆಗೆ ಮಗು ಬರುವ ಹೊತ್ತಿನಲ್ಲಿ ಜಿಲ್ಲೆಯಿಂದ ಆಗಬೇಕಾದ ಕೆಲಸಗಳ ಕುರಿತು ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ಸೈನಿಕ ಮಂಡಳಿ, ಬೆಳಗಾವಿ.

ಇವರಿಂದ,
ಅಥಣಿ, ಚಿಕ್ಕೋಡಿ, ಹುಕ್ಕೇರಿ, ರಾಮದುರ್ಗ ತಾಲ್ಲೂಕುಗಳ ಸೇವಾನಿರತ ಸೈನಿಕರ ಪತ್ನಿಯರು ಮತ್ತು ತಾಯಂದಿರು.

ವಿಷಯ: ಸೇವಾನಿರತ ಸೈನಿಕರ ಪತ್ನಿಯರ ಹೆರಿಗೆ, ಬಾಣಂತನ ಮತ್ತು ನವಜಾತ ಶಿಶುವಿನ ದಾಖಲಾತಿಯಲ್ಲಿ ತಂದೆಯ ಗೈರುಹಾಜರಿಯಿಂದ ಆಗುತ್ತಿರುವ ತೊಡಕುಗಳನ್ನು ನಿವಾರಿಸಿಕೊಡುವ ಬಗ್ಗೆ.

ಮಾನ್ಯರೇ,

ನಮ್ಮ ಗಂಡಂದಿರು, ನಮ್ಮ ಮಕ್ಕಳು ಭೂಸೇನೆ, ವಾಯುಸೇನೆ, ನೌಕಾಸೇನೆಗಳಲ್ಲಿ ಸೇವೆಯಲ್ಲಿದ್ದಾರೆ. ಫ್ಯಾಮಿಲಿ ಕ್ವಾರ್ಟರ್ಸ್ ಸಿಕ್ಕವರು ಪೀಸ್ ಸ್ಟೇಷನ್‌ನಲ್ಲಿ ಒಂದೆರಡು ವರ್ಷ ಗಂಡನ ಜೊತೆ ಇರುತ್ತಾರೆ. ಯೂನಿಟ್ ಫೀಲ್ಡ್ ಏರಿಯಾಕ್ಕೆ ಹೊರಟಿತೆಂದರೆ ಸಾಮಾನು ಕಟ್ಟಿಕೊಂಡು ಊರಿಗೆ ಬರುತ್ತಾರೆ. ಹೆರಿಗೆಗೆ ತವರಿಗೆ ಬರುವುದಂತೂ ನಮ್ಮ ಕಡೆಯ ವಾಡಿಕೆ. ಕುಬಸ ಮುಗಿಸಿಕೊಂಡು ಬಂದವಳು ಮಗುವಿಗೆ ನಾಲ್ಕೈದು ತಿಂಗಳು ತುಂಬುವವರೆಗೆ ತಾಯಿಯ ಮನೆಯಲ್ಲೇ ಇರುತ್ತಾಳೆ. ಹೀಗಾಗಿ ತಂದೆ ಲಡಾಖಿನಲ್ಲಿ, ಅರುಣಾಚಲದಲ್ಲಿ ಕಾವಲಿಗೆ ನಿಂತಿರುವಾಗ ಮಗು ಹುಟ್ಟುವುದು ಅಥಣಿಯಲ್ಲಿ, ರಾಮದುರ್ಗದಲ್ಲಿ. ಆ ಮಗುವಿನ ಮೊದಲ ದಿನಗಳ ಹೊಣೆ ಸೇನೆಗಿಂತ ಹೆಚ್ಚಾಗಿ ಜಿಲ್ಲೆಯ ಮೇಲಿದೆ. ಆದರೆ ನಾವು ಹೋದ ಪ್ರತಿಯೊಂದು ಕಿಟಕಿಯಲ್ಲೂ ಕೇಳುವ ಮೊದಲ ಪ್ರಶ್ನೆ ಒಂದೇ: ಮಗುವಿನ ತಂದೆ ಎಲ್ಲಿ?

ದೇಶದ ಕೆಲಸಕ್ಕೆ ಹೋದ ತಂದೆ ಕಿಟಕಿಯ ಮುಂದೆ ಇರಲಾರ. ಅವನು ಇಲ್ಲದಿರುವ ಕಾರಣಕ್ಕೆ ತಾಯಿಯ, ಮಗುವಿನ ಯಾವ ಕೆಲಸವೂ ನಿಲ್ಲಬಾರದು. ಈ ಮನವಿಯ ಸಾರ ಇಷ್ಟೇ. ಯಾವ ಆಸ್ಪತ್ರೆಯನ್ನಾಗಲಿ, ಕಚೇರಿಯನ್ನಾಗಲಿ ಹೆಸರು ಹೇಳಿ ದೂರುವುದು ನಮ್ಮ ಉದ್ದೇಶವಲ್ಲ. ನಡೆದದ್ದನ್ನು ಹೇಳಿ, ಆಗಬೇಕಾದದ್ದನ್ನು ಕೇಳುತ್ತಿದ್ದೇವೆ.

ಹೆರಿಗೆ ಕೋಣೆಯ ಸಹಿ

ಮಳೆಗಾಲದ ಒಂದು ರಾತ್ರಿ ನಮ್ಮಲ್ಲಿ ಒಬ್ಬಾಕೆಗೆ ನೋವು ಶುರುವಾಯಿತು. ಕೃಷ್ಣೆ ತುಂಬಿ ಊರ ಮುಂದಿನ ಸೇತುವೆ-ಬಾಂದಾರು ಮುಳುಗಿತ್ತು. ಸುತ್ತುದಾರಿಯಲ್ಲಿ ಹೋಗಿ ಆಸ್ಪತ್ರೆ ಮುಟ್ಟಿದಾಗ ಮಗುವಿನ ಎದೆಬಡಿತ ಇಳಿಯುತ್ತಿದೆ, ಕೂಡಲೇ ಸಿಸೇರಿಯನ್ ಆಗಬೇಕು ಎಂದರು ವೈದ್ಯರು. ನರ್ಸ್ ತಂದುಕೊಟ್ಟ ಒಪ್ಪಿಗೆ ಪತ್ರದಲ್ಲಿ ಗಂಡನ ಸಹಿಗೆಂದು ಜಾಗ ಬಿಟ್ಟಿತ್ತು. ಗಂಡ ಲಡಾಖಿನ ಪೋಸ್ಟಿನಲ್ಲಿ; ಎಷ್ಟು ಸಲ ಹಚ್ಚಿದರೂ ಫೋನು ಹತ್ತಲಿಲ್ಲ. ತವರಿನ ತಾಯಿ ಸಹಿ ಮಾಡುತ್ತೇನೆಂದರೆ, ನಿಮ್ಮದು ನಡೆಯುವುದಿಲ್ಲ, ಗಂಡನ ಕಡೆಯ ಗಂಡಸರು ಯಾರಾದರೂ ಬರಲಿ ಎಂದರು. ಮಾವ ಪಕ್ಕದ ತಾಲ್ಲೂಕಿನಿಂದ ಮಳೆಯಲ್ಲಿ ಮೋಟರ್ ಸೈಕಲ್ ಮೇಲೆ ಬಂದು ಹೆಬ್ಬೆಟ್ಟು ಒತ್ತುವವರೆಗೆ ಆಕೆ ಸ್ಟ್ರೆಚರ್ ಮೇಲೇ ಇದ್ದಳು. ಬಿ.ಎ. ಓದಿದವಳು, ಪೂರ್ತಿ ಎಚ್ಚರದಲ್ಲಿದ್ದವಳು, ನೋವಿನ ನಡುವೆಯೂ ಪೆನ್ನು ಹಿಡಿಯಬಲ್ಲವಳು. ಅವಳ ಸಹಿಯನ್ನು ಮಾತ್ರ ಯಾರೂ ಕೇಳಲಿಲ್ಲ. ತಾಯಿ, ಮಗು ಇಬ್ಬರೂ ಉಳಿದರು. ಆದರೆ ಮುಂದಿನ ಸಲ ಮಾವನ ಮನೆ ಇನ್ನೂ ದೂರವಿದ್ದರೆ ಏನು ಗತಿ ಎಂಬ ಹೆದರಿಕೆ ನಮ್ಮಲ್ಲಿ ದಿನ ತುಂಬಿದ ಪ್ರತಿ ಹೆಣ್ಣುಮಗಳಿಗೂ ಇದೆ.

ಕಾನೂನು ಈ ವಿಷಯದಲ್ಲಿ ನಮ್ಮ ಪರವಾಗಿಯೇ ಇದೆ. ವಯಸ್ಕಳಾಗಿ ಎಚ್ಚರದಲ್ಲಿರುವ ರೋಗಿಯ ಶಸ್ತ್ರಚಿಕಿತ್ಸೆಗೆ ಬೇಕಾದದ್ದು ಆಕೆಯದೇ ಒಪ್ಪಿಗೆ, ಬೇರೆಯವರದಲ್ಲ ಎಂದು ಸುಪ್ರೀಂ ಕೋರ್ಟು 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಹೀಗಿದ್ದೂ ಒಪ್ಪಿಗೆ ಪತ್ರಗಳಲ್ಲಿ ಗಂಡನ ಸಹಿಯ ಗೆರೆ ಉಳಿದುಕೊಂಡಿದೆ, ರೂಢಿಯೇ ನಿಯಮವಾಗಿ ಕುಳಿತಿದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಜಿಲ್ಲಾ ಪ್ರಾಧಿಕಾರಕ್ಕೂ ತಾವೇ ಅಧ್ಯಕ್ಷರು. ಆದ್ದರಿಂದ ಗರ್ಭಿಣಿಯ ಸ್ವಂತ ಸಹಿಯೇ ಸಾಕು, ಗಂಡನ ಅಥವಾ ಗಂಡನ ಮನೆಯವರ ಸಹಿಗಾಗಿ ಹೆರಿಗೆ ಶಸ್ತ್ರಚಿಕಿತ್ಸೆಯನ್ನು ಒಂದು ನಿಮಿಷವೂ ತಡೆಯಕೂಡದು ಎಂಬ ಸ್ಪಷ್ಟ ಸುತ್ತೋಲೆಯನ್ನು ಜಿಲ್ಲೆಯ ಎಲ್ಲ ಸರ್ಕಾರಿ ಮತ್ತು ಖಾಸಗಿ ಹೆರಿಗೆ ಆಸ್ಪತ್ರೆಗಳಿಗೆ ಹೊರಡಿಸಬೇಕು, ಅದನ್ನು ಹೆರಿಗೆ ಕೋಣೆಯ ಹೊರಗೋಡೆಗೆ ಕನ್ನಡದಲ್ಲೂ ಮರಾಠಿಯಲ್ಲೂ ಅಂಟಿಸುವಂತೆ ಮಾಡಬೇಕು. ಇದಕ್ಕೆ ಖರ್ಚಿಲ್ಲ, ಹೊಸ ಹುದ್ದೆ ಬೇಕಿಲ್ಲ. ಉಳಿದೆಲ್ಲ ಬೇಡಿಕೆಗಳು ತಡವಾದರೂ ಇದೊಂದು ಈ ವಾರವೇ ಆಗಲಿ ಎಂದು ಕೈಮುಗಿದು ಕೇಳುತ್ತೇವೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಮಾತು. ಬೆಳಗಾವಿ ನಗರದಲ್ಲಿ ಸೇನಾ ಆಸ್ಪತ್ರೆ ಇದೆ. ಹತ್ತಿರದವರಿಗೆ ಅದು ದೊಡ್ಡ ಆಸರೆ. ಆದರೆ ಅಥಣಿಯಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ, ಹೆರಿಗೆ ನೋವಿನಲ್ಲಿ ಆ ದಾರಿ ಸಾಗುವಂಥದಲ್ಲ. ತುರ್ತಿನಲ್ಲಿ ಊರ ಹತ್ತಿರದ ಆಸ್ಪತ್ರೆಗೆ ಸೇರಿದರೆ ಯಾರಿಗೆ ತಿಳಿಸಬೇಕು, ಯಾವ ಕಾಗದ ಇಟ್ಟುಕೊಳ್ಳಬೇಕು, ಖರ್ಚು ಮರಳಿ ಸಿಗಲು ಏನು ಮಾಡಬೇಕು ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಸೇನಾ ಆಸ್ಪತ್ರೆಯವರನ್ನು ಕೇಳಿ ಇದಿಷ್ಟನ್ನು ಒಂದೇ ಹಾಳೆಯಲ್ಲಿ ಅಚ್ಚುಹಾಕಿಸಿ, ಆಶಾ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ತಲುಪಿಸಿರಿ. ಹಾಗೆಯೇ ಏಳನೇ ತಿಂಗಳಲ್ಲಿ ಜೋಧಪುರದಿಂದಲೋ ಅಂಬಾಲಾದಿಂದಲೋ ಬಂದವಳ ಕೈಯಲ್ಲಿ ಅಲ್ಲಿನ ಸೇನಾ ಆಸ್ಪತ್ರೆಯ ತಪಾಸಣೆ ಪುಸ್ತಕ ಇರುತ್ತದೆ. ತಾಯಿ ಕಾರ್ಡ್ ಇಲ್ಲವೆಂದು ಆಕೆಯನ್ನು ಅಲೆದಾಡಿಸದೆ, ಆ ಪುಸ್ತಕ ನೋಡಿ ಅದೇ ದಿನ ತಾಯಿ ಕಾರ್ಡ್ ಕೊಡುವಂತೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸೂಚಿಸಬೇಕು.

ಜನನ ಪ್ರಮಾಣಪತ್ರ ಮತ್ತು ಪಾರ್ಟ್ ಟು ಆರ್ಡರ್

ಬೇರೆ ಮನೆಗಳಲ್ಲಿ ಜನನ ಪ್ರಮಾಣಪತ್ರ ಶಾಲೆಗೆ ಸೇರಿಸುವಾಗ ನೆನಪಾಗುತ್ತದೆ. ನಮ್ಮಲ್ಲಿ ಹಾಗಲ್ಲ. ಮಗು ಹುಟ್ಟಿದ ಸಂಗತಿ ಯೂನಿಟ್‌ನಲ್ಲಿ ಪಾರ್ಟ್ ಟು ಆರ್ಡರ್ ಎಂಬ ಆದೇಶವಾಗಿ ಹೊರಬಿದ್ದು, ರೆಕಾರ್ಡ್ ಆಫೀಸಿನ ಸೇವಾ ದಾಖಲೆಯಲ್ಲಿ ಸೇರಿದ ಮೇಲೆಯೇ ಆ ಮಗು ಸೇನೆಯ ಕಣ್ಣಿಗೆ ಸೈನಿಕನ ಮಗು. ಅದಾಗದೆ ಡಿಪೆಂಡೆಂಟ್ ಕಾರ್ಡ್ ಇಲ್ಲ, ಮುಂದೆ ಶಿಕ್ಷಣ ಭತ್ಯೆ ಇಲ್ಲ. ಬಾಣಂತಿಯ ಮುಂದೆ ಯಾರೂ ಆಡದ ಮಾತೊಂದಿದೆ, ಇಲ್ಲಿ ಆಡಲೇಬೇಕು: ಗಡಿಯಲ್ಲಿರುವ ತಂದೆಗೆ ಏನಾದರೂ ಆದರೆ, ದಾಖಲೆಯಲ್ಲಿ ಹೆಸರಿಲ್ಲದ ಮಗುವಿನ ಹಕ್ಕನ್ನು ಸಾಬೀತು ಮಾಡಲು ಆ ಎಳೆಯ ತಾಯಿ ಮತ್ತೆ ಇದೇ ಕಿಟಕಿಗಳಿಗೆ ಬರಬೇಕಾಗುತ್ತದೆ.

ಪಾರ್ಟ್ ಟು ಆರ್ಡರಿಗೆ ಬೇಕಾದದ್ದು ಜನನ ಪ್ರಮಾಣಪತ್ರ. ಅದರಲ್ಲಿ ತಾಯಿ ತಂದೆಯರ ಹೆಸರು ಸೇವಾ ದಾಖಲೆಯಲ್ಲಿ ಇರುವಂತೆಯೇ ಅಕ್ಷರಶಃ ಇರಬೇಕು. ತೊಡಕು ಇಲ್ಲೇ ಶುರುವಾಗುತ್ತದೆ. ಸೇವಾ ದಾಖಲೆಯಲ್ಲಿ ಹೆಂಡತಿಯ ಹೆಸರು ಲಕ್ಷ್ಮೀ, ಆಧಾರ್‌ನಲ್ಲಿ ಲಕ್ಷ್ಮವ್ವ. ಗಂಡ ಸೇನೆಗೆ ಬಸಪ್ಪ, ಊರಿಗೆ ಬಸವರಾಜ. ತವರಿನಲ್ಲಿ ಮಾಡಿಸಿದ ಆಧಾರ್‌ನಲ್ಲಿ ಆಕೆಯ ತಂದೆಯ ಹೆಸರು, ತವರಿನ ಅಡ್ಡಹೆಸರು. ಆಸ್ಪತ್ರೆಯವರು ಆಧಾರ್ ನೋಡಿ ಬರೆದುಕೊಳ್ಳುತ್ತಾರೆ, ನೋಂದಣಿಯಲ್ಲಿ ಅದೇ ಇಳಿಯುತ್ತದೆ, ಯೂನಿಟ್‌ನ ಹೆಡ್ ಕ್ಲರ್ಕ್ ಪ್ರಮಾಣಪತ್ರವನ್ನು ವಾಪಸ್ ಕಳಿಸುತ್ತಾರೆ. ಹೆಡ್ ಕ್ಲರ್ಕ್ ಮಾಡುವುದೂ ತಪ್ಪಲ್ಲ. ದಾಖಲೆ ಸರಿಯಿರಲಿ ಎಂದೇ ಅವರು ನೋಡುತ್ತಾರೆ. ಆದರೆ ತಿದ್ದುಪಡಿಗೆ ಹೋದರೆ ತಂದೆಯೇ ಬಂದು ಅಫಿಡವಿಟ್ ಕೊಡಬೇಕು ಎಂಬ ಉತ್ತರ ಬರುತ್ತದೆ. ತಂದೆ ಬರುವುದು ರಜೆ ಸಿಕ್ಕಾಗ. ರಜೆಯ ದಿನಗಳು ತಾಲ್ಲೂಕು ಕಚೇರಿಯ ಕಟ್ಟೆಯ ಮೇಲೆ ಕಳೆಯುತ್ತವೆ, ಮಗುವನ್ನು ಎತ್ತಿಕೊಳ್ಳುವ ಕೈಯಲ್ಲಿ ಸ್ಟಾಂಪ್ ಪೇಪರ್ ಇರುತ್ತದೆ.

ಮರಾಠಾ ಲಘು ಪದಾತಿದಳದವರ ರೆಕಾರ್ಡ್ ಆಫೀಸ್ ಇಲ್ಲೇ ಬೆಳಗಾವಿಯಲ್ಲಿದೆ, ಅಷ್ಟರ ಮಟ್ಟಿಗೆ ಅವರು ಪುಣ್ಯವಂತರು. ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರಿಗೆ ಬೆಂಗಳೂರು, ಆರ್ಟಿಲರಿಯವರಿಗೆ ನಾಸಿಕ್ ರೋಡ್, ಸಿಗ್ನಲ್ಸ್‌ನವರಿಗೆ ಜಬಲ್ಪುರ. ಒಂದು ಅಕ್ಷರ ತಪ್ಪಿದರೆ ಕಾಗದ ಅಷ್ಟು ದೂರ ಹೋಗಿ ಬರಬೇಕು.

ಜನನ ಮರಣ ನೋಂದಣಿ ಕಾಯ್ದೆ, 1969ರ ಪ್ರಕಾರ 21 ದಿನಗಳೊಳಗೆ ಜನನ ನೋಂದಣಿಗೆ ಶುಲ್ಕವಿಲ್ಲ. 2023ರ ತಿದ್ದುಪಡಿಯ ನಂತರ ನೋಂದಣಿಯಾದ ಏಳು ದಿನಗಳೊಳಗೆ ಪ್ರಮಾಣಪತ್ರ ಕೈಗೆ ಸಿಗಬೇಕು. ಬರವಣಿಗೆಯ ತಪ್ಪುಗಳನ್ನು ತಿದ್ದುವ ಅಧಿಕಾರ 15ನೇ ಕಲಮಿನಲ್ಲಿ ನೋಂದಣಾಧಿಕಾರಿಗೆ ಇದೆ. ಈ ಅಧಿಕಾರವನ್ನೇ ಬಳಸಿ ಸೈನಿಕ ಕುಟುಂಬಗಳಿಗೆ ಹೀಗೆ ಅನುಕೂಲ ಮಾಡಿಕೊಡಬೇಕೆಂದು ಕೋರುತ್ತೇವೆ: ಹೆರಿಗೆಗೆ ಸೇರುವಾಗಲೇ ಸೇವಾ ದಾಖಲೆಯ ಪ್ರಕಾರ ತಾಯಿ ತಂದೆಯರ ಹೆಸರನ್ನು ತೋರಿಸುವ ಯೂನಿಟ್‌ನ ಪತ್ರವನ್ನು ಆಸ್ಪತ್ರೆ ಪಡೆದು, ನೋಂದಣಿಗೆ ಕಳಿಸುವ ಮಾಹಿತಿಯನ್ನು ಅದರೊಂದಿಗೆ ತಾಳೆ ನೋಡಬೇಕು, ತಿದ್ದುಪಡಿ ಬೇಕಾದಲ್ಲಿ ತಾಯಿಯ ಅರ್ಜಿ ಮತ್ತು ಕಮಾಂಡಿಂಗ್ ಆಫೀಸರ್ ಅವರ ದೃಢೀಕರಣ ಸಾಕೆಂದು ಪರಿಗಣಿಸಿ ತಂದೆಯ ಖುದ್ದು ಹಾಜರಿಯನ್ನು ಕೈಬಿಡಬೇಕು, ತಿಂಗಳಿಗೊಮ್ಮೆ ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಸೈನಿಕ ಮಂಡಳಿಯ ಸಿಬ್ಬಂದಿ ಕುಳಿತು ಈ ಕಾಗದಗಳನ್ನು ನೋಡಿಕೊಡಬೇಕು. ಅಲ್ಲಿ ಕೂರುವವರು ಪಾರ್ಟ್ ಟು ಆರ್ಡರ್ ಎಂದರೇನೆಂದು ಬಲ್ಲ ಮಾಜಿ ಸೈನಿಕರಾದರೆ ಇನ್ನೂ ಒಳ್ಳೆಯದು.

ಹೆಸರಿನ ವಿಷಯ ಬಂದಾಗ ಇದನ್ನೂ ಹೇಳಬೇಕು. ನಮ್ಮ ಕಡೆ ತೊಟ್ಟಿಲ ಕಾರ್ಯದಲ್ಲಿ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು. ತಂದೆ ಬರಲಿ ಎಂದು ಎಷ್ಟೋ ಮನೆಗಳಲ್ಲಿ ಆ ಕಾರ್ಯವನ್ನು ಮುಂದಕ್ಕೆ ಹಾಕುತ್ತಾರೆ. ಹೆಸರಿಲ್ಲದೆಯೂ ಜನನ ನೋಂದಾಯಿಸಬಹುದು, ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು ಎಂಬುದನ್ನು ಕಿಟಕಿಯಲ್ಲಿ ಹೇಳುವವರಿಲ್ಲ. ಹೇಳಿದ್ದರೆ ಗಡಿಬಿಡಿಯಲ್ಲಿ ಒಂದು ಹೆಸರು ಬರೆಸಿ, ಆಮೇಲೆ ಅದನ್ನು ಬದಲಿಸಲು ಪರದಾಡುವ ಪ್ರಸಂಗ ತಪ್ಪುತ್ತಿತ್ತು.

ತಂದೆಯ ರಜೆ

ಕೇಂದ್ರ ಸರ್ಕಾರದ ನಾಗರಿಕ ಸೇವೆಯ ಪುರುಷ ನೌಕರರಿಗೆ ಮಗು ಹುಟ್ಟಿದಾಗ 15 ದಿನಗಳ ಪಿತೃತ್ವ ರಜೆ ಇದೆ, ಮಗುವಿಗೆ ಆರು ತಿಂಗಳಾಗುವುದರೊಳಗೆ ಅದನ್ನು ಪಡೆಯಬಹುದು. ಕಚೇರಿಯಿಂದ ಸಂಜೆ ಮನೆಗೆ ಬರುವವರಿಗೆ 15 ದಿನವೆಂದರೆ 15 ದಿನವೇ. ಮುಂಚೂಣಿಯ ಪೋಸ್ಟಿನಿಂದ ಇಳಿಯಬೇಕಾದ ಸೈನಿಕನಿಗೆ ಅದರ ಲೆಕ್ಕವೇ ಬೇರೆ. ಅವನು ಲೇಹ್‌ನ ಟ್ರಾನ್ಸಿಟ್ ಕ್ಯಾಂಪ್ ಮುಟ್ಟಬೇಕು, ಚಳಿಗಾಲವಾದರೆ ವಿಮಾನ ಹಾರುವಂಥ ಹವೆಗೆ ಕಾಯಬೇಕು, ಚಂಡೀಗಢಕ್ಕೆ ಬಂದು ದಿಲ್ಲಿಯಲ್ಲಿ ಗೋವಾ ಎಕ್ಸ್‌ಪ್ರೆಸ್ ಹಿಡಿದು ಬೆಳಗಾವಿ ಸೇರಬೇಕು. ಹೆರಿಗೆಯಾದ ಸುದ್ದಿ ಸಿಕ್ಕಿ ಹೊರಟವನು ಮನೆಗೆ ಬರುವಾಗ ಮಗುವಿನ ಹೊಕ್ಕುಳ ಉದುರಿರುತ್ತದೆ.

ಸೈನಿಕನ ರಜೆ ಯೂನಿಟ್‌ನ ಅಗತ್ಯ ನೋಡಿ ಸಿಗುವಂಥದು, ಅದನ್ನು ನಾವು ಪ್ರಶ್ನಿಸುವುದಿಲ್ಲ. ಕಾವಲು ಬಿಟ್ಟು ಬರಲಿ ಎಂದು ನಮ್ಮಲ್ಲಿ ಯಾರೂ ಕೇಳಿಲ್ಲ, ಕೇಳುವುದೂ ಇಲ್ಲ. ಆದರೆ ಕಷ್ಟದ ಬಸಿರು, ಅವಧಿಗೆ ಮೊದಲೇ ಹುಟ್ಟಿದ ಮಗು, ಮನೆಯಲ್ಲಿ ಬೇರೆ ಯಾರೂ ಇಲ್ಲದ ಸ್ಥಿತಿ ಇಂಥವು ಇದ್ದಾಗ ಜಿಲ್ಲೆಯಿಂದ ಒಂದು ದೃಢೀಕರಣ ಪತ್ರ ಹೋದರೆ ಕಮಾಂಡಿಂಗ್ ಆಫೀಸರ್ ನಿರ್ಧಾರ ತೆಗೆದುಕೊಳ್ಳುವುದು ಸುಲಭವಾಗುತ್ತದೆ. ಅರ್ಜಿ ಬಂದ ದಿನವೇ ವೈದ್ಯಾಧಿಕಾರಿಯ ವರದಿ ತರಿಸಿ, ಮರುದಿನದೊಳಗೆ ಆ ಪತ್ರ ಯೂನಿಟ್‌ಗೆ ಇ-ಮೇಲ್ ಆಗುವ ವ್ಯವಸ್ಥೆ ಬೇಕು. ಇನ್ನು ಹೆರಿಗೆಯ ನಿಮಿತ್ತ ಕೊಡುವ ರಜೆಯಲ್ಲಿ ದಾರಿಯ ದಿನಗಳು ಕರಗಿಹೋಗದಂತೆ ನೋಡಿಕೊಳ್ಳಬೇಕೆಂಬ ನಮ್ಮ ಕೋರಿಕೆಯನ್ನು ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಮೂಲಕ ಕೇಂದ್ರೀಯ ಸೈನಿಕ ಮಂಡಳಿಗೆ ತಮ್ಮ ಶಿಫಾರಸಿನೊಂದಿಗೆ ಕಳಿಸಿಕೊಡಬೇಕು.

ಹಿರಿಯ ಮಗು

ಎರಡನೇ ಹೆರಿಗೆಗೆ ಬರುವವಳ ಜೊತೆ ಮೂರೋ ನಾಲ್ಕೋ ವರ್ಷದ ಮೊದಲ ಮಗು ಇರುತ್ತದೆ. ಅಪ್ಪನನ್ನು ಬಿಟ್ಟು, ಗೆಳೆಯರನ್ನು ಬಿಟ್ಟು, ಹಿಂದಿ ಆಡುತ್ತಿದ್ದ ಅಂಗಳದಿಂದ ಅಜ್ಜಿಯ ಊರಿಗೆ ಬಂದ ಆ ಕೂಸಿಗೆ ಅಮ್ಮನೂ ಹೊಸ ಮಗುವಿನ ಪಾಲಾಗುತ್ತಾಳೆ. ಅದನ್ನು ಊರಿನ ಅಂಗನವಾಡಿಗೆ ಸೇರಿಸಿಕೊಳ್ಳಲು ಈ ಊರಿನ ಪಡಿತರ ಚೀಟಿ ಕೇಳಬಾರದು, ಬಂದ ದಿನವೇ ಕೂರಿಸಿಕೊಳ್ಳಬೇಕು. ಹಾಗೆಯೇ ಚಿಕ್ಕ ಮಗುವಿನ ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆಗಳು ಇಲ್ಲಿ ಆಗಿ, ಒಂಬತ್ತನೇ ತಿಂಗಳದ್ದು ಬೇರೆ ರಾಜ್ಯದಲ್ಲಿ ಆಗುತ್ತದೆ. ಇಲ್ಲಿ ಹಾಕಿದ್ದೆಲ್ಲ ಲಸಿಕೆ ದಾಖಲಿಸುವ ಯು-ವಿನ್ ಪೋರ್ಟಲ್‌ನಲ್ಲಿ ತಪ್ಪದೆ ನಮೂದಾಗಲಿ.

ಸಮವಸ್ತ್ರದ ತಾಯಂದಿರು

ನಮ್ಮ ಜಿಲ್ಲೆಯ ಹೆಣ್ಣುಮಕ್ಕಳೂ ಈಗ ಸೇನೆಗೆ ಸೇರುತ್ತಿದ್ದಾರೆ. ಸಾಂಬ್ರಾದ ವಾಯುಸೇನಾ ತರಬೇತಿ ಶಾಲೆಯಲ್ಲಿ ಹುಡುಗಿಯರು ಪರೇಡ್ ಮಾಡುವುದನ್ನು ನೋಡಿ ಹೆಮ್ಮೆಪಟ್ಟವರು ನಾವು. ಅಧಿಕಾರಿಗಳಿಗೆ ಇದ್ದ ಹೆರಿಗೆ ರಜೆ, ಶಿಶುಪಾಲನಾ ರಜೆಗಳ ನಿಯಮವನ್ನು ಸೈನಿಕ, ನಾವಿಕ, ವಾಯುಯೋಧ ಹುದ್ದೆಗಳ ಮಹಿಳೆಯರಿಗೂ ವಿಸ್ತರಿಸಲು ರಕ್ಷಣಾ ಸಚಿವರು 2023ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟರು: ಎರಡು ಮಕ್ಕಳವರೆಗೆ ತಲಾ 180 ದಿನಗಳ ಹೆರಿಗೆ ರಜೆ, ಇಡೀ ಸೇವೆಯಲ್ಲಿ 360 ದಿನಗಳ ಶಿಶುಪಾಲನಾ ರಜೆ. ಇದು ನಿಜಕ್ಕೂ ಒಳ್ಳೆಯ ಹೆಜ್ಜೆ. ರಜೆ ಮುಗಿಸಿ ಕರ್ತವ್ಯಕ್ಕೆ ಮರಳುವಾಗ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುವ ತಾಯಂದಿರಿಗಾಗಿ ತಾಲ್ಲೂಕು ಕೇಂದ್ರಗಳ ಶಿಶುಪಾಲನಾ ಕೇಂದ್ರಗಳಲ್ಲಿ ಆದ್ಯತೆಯ ಮೇಲೆ ಜಾಗ ಕೊಡಿಸಬೇಕು. ಅಜ್ಜಿಯನ್ನೇ ಪಾಲಕಿ ಎಂದು ಒಪ್ಪಿ ಅಂಗನವಾಡಿ, ಆರೋಗ್ಯ ಕೇಂದ್ರಗಳು ಮಗುವಿನ ಕೆಲಸ ಮಾಡಿಕೊಡಬೇಕು. ಅಲ್ಲಿಯೂ ತಂದೆ ಎಲ್ಲಿ, ತಾಯಿ ಎಲ್ಲಿ ಎಂದು ಕೇಳುತ್ತ ಕೂರಬಾರದು.

ಜಿಲ್ಲಾ ಸೈನಿಕ ಮಂಡಳಿಯ ಮುಂದಿನ ಸಭೆಯಲ್ಲಿ ಈ ಮನವಿಯನ್ನು ಚರ್ಚೆಗೆ ಇಡಬೇಕೆಂದೂ, ಆ ಸಭೆಗೆ ಜಿಲ್ಲಾ ಆರೋಗ್ಯಾಧಿಕಾರಿಗಳನ್ನೂ ಜನನ ನೋಂದಣಿಯ ಹೊಣೆ ಹೊತ್ತ ಅಧಿಕಾರಿಗಳನ್ನೂ ನಮ್ಮಲ್ಲಿ ಇಬ್ಬರನ್ನೂ ಕರೆಯಬೇಕೆಂದೂ ಕೋರುತ್ತೇವೆ. ನಮ್ಮಲ್ಲಿ ಕೆಲವರು ಎಳೆಯ ಬಾಣಂತಿಯರು, ಕೆಲವರಿಗೆ ದಿನ ತುಂಬುತ್ತಿದೆ. ಆದ್ದರಿಂದ ಸಭೆಯನ್ನು ಬೆಳಗಾವಿಯಲ್ಲಿ ಮಾತ್ರವಲ್ಲದೆ ಚಿಕ್ಕೋಡಿಯಲ್ಲೂ ಒಮ್ಮೆ ನಡೆಸಿದರೆ, ಮಗುವನ್ನು ಮಡಿಲಲ್ಲಿಟ್ಟುಕೊಂಡೇ ಬಂದು ನಮ್ಮ ಮಾತು ಹೇಳುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸೇವಾನಿರತ ಸೈನಿಕರ ಪತ್ನಿಯರು ಮತ್ತು ತಾಯಂದಿರು
ಸ್ಥಳ: ಬೆಳಗಾವಿ

ಅಡಕ: ಸಹಿಗಳ ಹಾಳೆ, ಹೆಸರಿನ ವ್ಯತ್ಯಾಸದಿಂದ ಯೂನಿಟ್‌ಗಳು ಹಿಂದಿರುಗಿಸಿದ ಜನನ ಪ್ರಮಾಣಪತ್ರಗಳ ನಕಲುಗಳು.

ಪ್ರತಿ: ನಿರ್ದೇಶಕರು, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ, ಬೆಂಗಳೂರು, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು, ಬೆಳಗಾವಿ.